ಚಾಲೂ ಆಗಿದೆ

ಅಕ್ಕನ ಫೋನು ಬಂದಾಗ ಅವಳು ಹಲ್ಲುಜ್ಜುತ್ತಿದ್ದಳು. ಬಾಯಿ ತುಂಬ ನೊರೆ ಇದ್ದದ್ದು ಒಳ್ಳೆಯದೇ ಆಯಿತು, ಮಾತಾಡುವ ಕೆಲಸವೆಲ್ಲ ಅಕ್ಕನ ಪಾಲಿಗೇ ಬಂತು. "ನಿನ್ನ ಭಾವ ನಿನ್ನೆ ಆರು ಸಲ ಎದ್ದು ಹೋಗಿ ಗ್ಯಾಸ್ ಆರಿಸಿದೀನಾ ಅಂತ ನೋಡಿದ್ರು ಕಣೇ. ನಾನು ಆರಿಸಿದೀನಿ ಅಂದ್ರೆ ನಂಬಲ್ಲ. ಹೋಗ್ಲಿ, ನನ್ನ ನಂಬಬೇಡಿ, ನಿಮ್ಮ ಕಣ್ಣನ್ನಾದ್ರೂ ನಂಬಿ ಅಂದೆ. ಅದೇ ಆಗ್ತಿಲ್ಲ ಅಂದ್ಬಿಟ್ರು." ಅಕ್ಕ ನಗಲು ಹೋದಳು, ನಗು ಅರ್ಧಕ್ಕೇ ಕೆಮ್ಮಾಯಿತು. ಭಾವನ ತಾಯಿ ಕೊನೆಗಾಲದಲ್ಲಿ ಹೆತ್ತ ಮಗನನ್ನೇ 'ಯಾರಪ್ಪಾ ನೀನು' ಎಂದು ಕೇಳುತ್ತಿದ್ದರು. ಅಂದಿನಿಂದ ಆ ಮನೆಯಲ್ಲಿ ಯಾರಾದರೂ ಕನ್ನಡಕ ಹುಡುಕಿದರೂ ಸಾಕು, ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. "ಇವತ್ತಿನ ವಿಚಾರಣೇಲಿ ನೀನೂ ಇರ್ತೀಯಲ್ಲ. ನೀನಿರೋವಾಗ ಅವ್ರನ್ನ ಏನೂ ಮಾಡಲ್ಲ ತಾನೆ? ಕೆಲಸ ಹೋದ್ರೆ ಹೋಗ್ಲಿ ಕಣೇ, ರಿಟೈರ್ ಆಗೋಕೆ ಇನ್ನೊಂದೂವರೆ ವರ್ಷ ಇತ್ತು ಅಷ್ಟೇ. ಆದ್ರೆ ಅವ್ರಿಗೆ ತಲೆ ಹೋಗ್ತಿದೆ ಅಂತ ಅವ್ರೇ ನಂಬಿಬಿಟ್ರೆ ನಾನೇನು ಮಾಡ್ಲಿ?" ಅವಳು ನೊರೆ ಉಗಿದು, ಬಾಯಿ ಮುಕ್ಕಳಿಸಿ, "ನಾನಿದೀನಲ್ಲ ಅಕ್ಕಾ" ಅಂದಳು. ಅಷ್ಟು ಸಲೀಸಾಗಿ ಬಂತು ಮಾತು. ಕನ್ನಡಿಯಲ್ಲಿ ಗದ್ದಕ್ಕೆ ಬಿಳಿ ನೊರೆ ಮೆತ್ತಿಕೊಂಡ ಹೆಂಗಸೊಬ್ಬಳು ಅದೇ ಮಾತನ್ನು ಅವಳ ಜೊತೆಗೇ ಆಡಿದಳು. ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು. ಆ ಅಸಹ್ಯ ಮುಖ ಒರೆಸಿಕೊಳ್ಳುವಷ್ಟರಲ್ಲಿ ಹೋಗಿಯೂ ಬಿಟ್ಟಿತು.

ಬಸ್ಸಿನಲ್ಲಿ ನೇತಾಡುತ್ತ ನಿಂತು ಅವಳು ಆದದ್ದನ್ನೆಲ್ಲ ಮತ್ತೊಮ್ಮೆ ಮೊದಲಿನಿಂದ ಲೆಕ್ಕ ಹಾಕಿದಳು. ಲೆಕ್ಕ ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತಿತ್ತು. ಅವರದು ಆಸ್ಪತ್ರೆಗಳಿಗೆ ದಾದಿಯರನ್ನು ಆರಿಸುವ ಕಚೇರಿ. ಅರ್ಜಿಗಳೆಲ್ಲ ಈಗ ಅಂತರ್ಜಾಲದಲ್ಲೇ ಬರುತ್ತವೆ. ಬಂದ ಅರ್ಜಿಯನ್ನು ತೆಗೆದುಕೊಂಡು, ಸರಿ ಇದೆಯೇ ನೋಡಿ, ದಾಖಲೆಗೆ ಸೇರಿಸಿ, ಸೇರಿಸಿದೆ ಎಂದು ಉತ್ತರ ಕಳಿಸುವ ತಂತ್ರಾಂಶವನ್ನು ಕಚೇರಿಯಲ್ಲಿ ಎಲ್ಲರೂ ಸರ್ವರ್ ಅನ್ನುತ್ತಾರೆ. ಆ ಯಂತ್ರದಲ್ಲಿ ರೂಟ್ ಎಂಬ ಒಂದು ಖಾತೆ ಇದೆ. ಅದಕ್ಕೆ ಬೀಗವಿಲ್ಲ, ತಡೆಯಿಲ್ಲ, ಅದು ಏನನ್ನು ಬೇಕಾದರೂ ಬರೆಯಬಹುದು, ಏನನ್ನು ಬೇಕಾದರೂ ಅಳಿಸಬಹುದು. ಅದಕ್ಕೇ ಸರ್ವರನ್ನು ಅದರ ಕೈಯಲ್ಲಿ ನಡೆಸಬಾರದು. ಸರ್ವರ್ ನಡೆಸುವುದಕ್ಕೆಂದೇ ಅಧಿಕಾರ ಕಡಿಮೆ ಇರುವ ಇನ್ನೊಂದು ಖಾತೆ. ಭಾವ ಹದಿನೈದು ವರ್ಷದ ಹಿಂದೆ ಅದಕ್ಕೆ ಸೇವಕ ಎಂದು ಹೆಸರಿಟ್ಟಿದ್ದರು. ಹೊಸ ಆವೃತ್ತಿ ಕೂರಿಸುವಾಗ ಮಾತ್ರ ರೂಟ್ ಆಗಿ ಒಳಗೆ ಹೋಗಬೇಕು. ಕೂರಿಸಿದ ಮೇಲೆ ಕಡತಗಳನ್ನೆಲ್ಲ ಸೇವಕನ ಹೆಸರಿಗೆ ಮಾಡಿ, ರೂಟ್‌ನಿಂದ ಹೊರಬಂದು, ಸೇವಕನಾಗಿ ಚಾಲೂ ಮಾಡಬೇಕು. ಇದು ನಿಯಮ. ಹೋದ ತಿಂಗಳ ನಾಲ್ಕನೇ ತಾರೀಕು ಹೊಸ ಆವೃತ್ತಿ ಕೂರಿಸಿದವಳು ಅವಳು. ಹಿಂದೆ ನಿರ್ದೇಶಕರು ಬೆನ್ನಿಗೆ ತಗುಲುವಷ್ಟು ಹತ್ತಿರ ನಿಂತು "ಆಯ್ತಾ? ಆಯ್ತಾ?" ಅನ್ನುತ್ತಿದ್ದರು. ಅವರ ಬಾಯಿಂದ ಲವಂಗದ ವಾಸನೆ ಬರುತ್ತಿತ್ತು. ಆ ವಾಸನೆಯಿಂದ ತಪ್ಪಿಸಿಕೊಂಡರೆ ಸಾಕಾಗಿತ್ತು. ಕಡತಗಳನ್ನು ಸೇವಕನ ಹೆಸರಿಗೆ ಮಾಡದೆ, ರೂಟ್ ಆಗಿದ್ದ ಹಾಗೆಯೇ ಚಾಲೂ ಮಾಡಿಬಿಟ್ಟಳು. ಸರ್ವರ್ ಎದ್ದಿತು. ನಿರ್ದೇಶಕರು ಭೇಷ್ ಅಂದರು. ಸಂಜೆ ಸರಿಮಾಡೋಣ ಅಂದುಕೊಂಡಳು. ಸಂಜೆ ನಾಳೆಯಾಯಿತು, ನಾಳೆಗೆ ಅರ್ಜಿಗಳು ಶುರುವಾದವು, ಆಮೇಲೆ ಚೆನ್ನಾಗಿ ನಡೆಯುತ್ತಿರುವ ಸರ್ವರನ್ನು ನಿಲ್ಲಿಸುವುದಕ್ಕೆ ಮೂವರ ಸಹಿ ಬೇಕಾಗಿತ್ತು. ಮರೆತಳು ಅನ್ನುವ ಹಾಗೂ ಇಲ್ಲ. ದಿನಾ ನೆನಪಾಗುತ್ತಿತ್ತು.

ಇಪ್ಪತ್ತೈದನೇ ತಾರೀಕು ಕೊನೆಯ ದಿನ. ಸಂಜೆ ಐದಕ್ಕೆ ಅರ್ಜಿ ಬಂದ್. ಮಧ್ಯಾಹ್ನ ಎರಡಕ್ಕೆ ಸರ್ವರ್ ತೆವಳತೊಡಗಿತು. ಅವಳು ನಿರ್ದೇಶಕರ ಸಭೆಯಲ್ಲಿದ್ದಳು, ಫೋನುಗಳನ್ನು ಹೊರಗಿನ ಬುಟ್ಟಿಯಲ್ಲಿ ಹಾಕಿ ಒಳಗೆ ಹೋಗುವ ಸಭೆ. ಭಾವ ನಿಯಮದ ಪ್ರಕಾರ ಸೇವಕನಾಗಿ ಒಳಗೆ ಹೋಗಿ ಸರ್ವರ್ ನಿಲ್ಲಿಸಿದರು, ಯಾರು ಚಾಲೂ ಮಾಡಿದ್ದರೂ ನಿಲ್ಲಿಸುವಷ್ಟು ಅನುಮತಿ ಸೇವಕನಿಗಿತ್ತು. ಅದು ಪೂರ್ತಿ ನಿಲ್ಲಲೆಂದು ಮೂವತ್ತು ಎಣಿಸಿದರು. ಚಾಲೂ ಮಾಡಿದರು. ಆದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿಯ ಕಡತದಲ್ಲೇ ಬರೆಯಲು ಸೇವಕನಿಗೆ ಅನುಮತಿ ಇರಲಿಲ್ಲ, ಏಕೆಂದರೆ ಎಲ್ಲವೂ ರೂಟ್‌ನ ಹೆಸರಿನಲ್ಲಿತ್ತು. ಬರೆಯಲಾಗದೆ ಸರ್ವರ್ ಹುಟ್ಟುವ ಮೊದಲೇ ಸತ್ತಿತು. ಪರದೆಯ ಮೇಲೆ ಮಾತ್ರ 'ಚಾಲೂ ಆಗಿದೆ' ಎಂಬ ಒಂದು ಸಾಲು ಬಂತು. ಆಜ್ಞೆ ಹೊರಟಿತು ಎಂದಷ್ಟೇ ಆ ಸಾಲಿನ ಅರ್ಥ. ಹಿಂದಿನ ನಿರ್ದೇಶಕರು ಪರದೆಯ ಮೇಲೆ ಹತ್ತಾರು ಸಾಲು ಸುರಿದರೆ ಗಾಬರಿಯಾಗುತ್ತಿದ್ದರೆಂದು, ಆ ಒಂದು ಸಾಲನ್ನು ಬಿಟ್ಟು ಉಳಿದದ್ದೆಲ್ಲ ಮುಚ್ಚಿಹೋಗುವಂತೆ ಭಾವನೇ ಎಂದೋ ಬರೆದಿಟ್ಟಿದ್ದರು. ಎರಡೂವರೆ ಗಂಟೆ ಭಾವ ಆ ಸಾಲನ್ನು ನಂಬಿದರು, ಕಡತ ಯಾರ ಹೆಸರಲ್ಲಿದೆ ಎಂದು ನೋಡುವ ಯೋಚನೆಯೇ ಬರಲಿಲ್ಲ. ನಾಲ್ಕು ಸಲ ನಿಲ್ಲಿಸಿ, ನಾಲ್ಕು ಸಲ ಮೂವತ್ತು ಎಣಿಸಿ, ನಾಲ್ಕು ಸಲ ಚಾಲೂ ಮಾಡಿದರು. ಫೋನು ಮಾಡಿದವರಿಗೆಲ್ಲ "ಚಾಲೂ ಆಗಿದೆಯಮ್ಮ, ಇನ್ನೊಂದ್ಸಲ ನೋಡಿ" ಅನ್ನುತ್ತಲೇ ಇದ್ದರು. ನಾಲ್ಕೂವರೆಗೆ ಸಭೆಯಿಂದ ಹೊರಬಂದ ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ತನ್ನ ಮೇಜಿನಿಂದಲೇ ರೂಟ್ ಆಗಿ ಒಳಗೆ ಹೋಗಿ, ಕಡತಗಳನ್ನೆಲ್ಲ ಸೇವಕನ ಹೆಸರಿಗೆ ಮಾಡುವ ಒಂದೇ ಸಾಲಿನ ಆಜ್ಞೆ ಕೊಟ್ಟು, ಚಾಲೂ ಮಾಡಿದಳು. ಸರ್ವರ್ ಎದ್ದು ಕೂತಿತು. ಸರಿಮಾಡುವುದೂ ಸಾಕ್ಷಿ ಅಳಿಸುವುದೂ ಆ ಒಂದೇ ಸಾಲಿನಲ್ಲಿ ಆಗಿಹೋಯಿತು. ಅವಳಿಗೆ ಅದು ಗುಂಡಿ ಒತ್ತಿದ ಮೇಲೆ ಹೊಳೆಯಿತು. ಒತ್ತುವ ಮೊದಲೇ ಹೊಳೆದಿತ್ತೇನೋ. ಈ ಪ್ರಶ್ನೆಯ ಹತ್ತಿರ ಬಂದಾಗಲೆಲ್ಲ ಅವಳು ಬಸ್ಸಿನ ಕಿಟಕಿಯಾಚೆ ಏನಾದರೂ ನೋಡುತ್ತಾಳೆ. ಇವತ್ತು ಒಬ್ಬ ಮನುಷ್ಯ ಏಣಿ ಹೊತ್ತು ಹೋಗುತ್ತಿದ್ದ. ಅವನು ಕಣ್ಮರೆಯಾಗುವವರೆಗೂ ನೋಡಿದಳು.

ಯಂತ್ರದ ಕೋಣೆಯಲ್ಲಿ ಭಾವ ಅವಳನ್ನು ಕಂಡು ಎದ್ದು ನಿಂತರು. ಇದೊಂದು ಅವಳಿಗೆ ಸಹಿಸಲಾಗದ ಸಂಗತಿ. ಎರಡು ವರ್ಷದ ಹಿಂದೆ ಅವಳು ವಿಭಾಗದ ಮುಖ್ಯಸ್ಥೆಯಾದ ದಿನದಿಂದ ಭಾವ ಅವಳು ಒಳಗೆ ಬಂದಾಗಲೆಲ್ಲ ಎದ್ದು ನಿಲ್ಲುತ್ತಾರೆ, ನಾಲ್ಕು ಜನರ ಎದುರು ಮೇಡಂ ಅನ್ನುತ್ತಾರೆ. ವ್ಯಂಗ್ಯವಿಲ್ಲ, ಹೊಟ್ಟೆಕಿಚ್ಚಿಲ್ಲ, ಮನೆಯಲ್ಲಿ ಅದೇ ಬಾಯಿ "ಏನೇ, ಊಟ ಆಯ್ತಾ" ಅನ್ನುತ್ತದೆ. ವ್ಯಂಗ್ಯವಾದರೂ ಇದ್ದಿದ್ದರೆ ಎದುರು ಮಾತಾಡಬಹುದಿತ್ತು. ಈ ಕೆಲಸ ಇದೆ, ಅರ್ಜಿ ಹಾಕು ಎಂದು ಹೇಳಿದವರು ಭಾವನೇ. ಪರೀಕ್ಷೆಯಲ್ಲಿ ಮೊದಲ ಸ್ಥಾನದಲ್ಲಿ ಪಾಸಾದವಳು ಅವಳೇ. ಆದರೂ ಐದು ವರ್ಷ ಅವಳಿಗೆ ಕಚೇರಿಯಲ್ಲಿ 'ನಾದಿನಿ ಕೋಟಾ' ಎಂದೇ ಹೆಸರು. ಅದು ಗೊತ್ತಿದ್ದೂ ಭಾವ ಅವಳ ಹಿಂದೆ ನಿಂತು, ಎಲ್ಲರಿಗೂ ಕೇಳುವಂತೆ, "ನಿಧಾನ, ನಿಧಾನ. ಮೊದಲು ಕಡತ ಯಾರ ಹೆಸರಲ್ಲಿದೆ ನೋಡು, ಆಮೇಲೆ ಯಂತ್ರದ ಮೇಲೆ ಸಿಟ್ಟು ಮಾಡ್ಕೋ" ಅನ್ನುತ್ತಿದ್ದರು. ಅವರು ಹೇಳಿದ್ದು ಯಾವಾಗಲೂ ಸರಿಯಾಗಿರುತ್ತಿತ್ತು. ಅವಳ ಮದುವೆ ಮುರಿದು ಬೇರೆ ಮನೆ ಹಿಡಿದಾಗ ಮೂರು ಮಹಡಿ ಗ್ಯಾಸ್ ಸಿಲಿಂಡರ್ ಹೊತ್ತು ತಂದವರು ಅವರೇ. ಹೊತ್ತು ತಂದು, ಬೆವರು ಒರೆಸಿಕೊಂಡು, ಅದರ ಬಗ್ಗೆ ಎಂದೂ ಒಂದು ಮಾತೂ ಆಡದೇ ಉಳಿದವರೂ ಅವರೇ. ಮುಖ್ಯಸ್ಥೆಯಾದ ಮೊದಲ ವಾರದಲ್ಲೇ ಅವಳು ರೂಟ್‌ನ ಪಾಸ್‌ವರ್ಡ್ ಬದಲಿಸಿ, ಇನ್ನು ಮುಂದೆ ಅದು ಮುಖ್ಯಸ್ಥರ ಬಳಿ ಮಾತ್ರ ಇರತಕ್ಕದ್ದು ಎಂದು ಇಡೀ ವಿಭಾಗಕ್ಕೆ ಒಂದು ಸುತ್ತೋಲೆ ಕಳಿಸಿದ್ದಳು. ಅಲ್ಲಿಯವರೆಗೆ ಇಡೀ ವಿಭಾಗದಲ್ಲಿ ಹಳೆಯ ಪಾಸ್‌ವರ್ಡ್ ಗೊತ್ತಿದ್ದವರು ಭಾವ ಒಬ್ಬರೇ. "ಒಳ್ಳೇ ಕೆಲಸ ಮಾಡಿದ್ರಿ ಮೇಡಂ" ಅಂದಿದ್ದರು.

ವಿಚಾರಣೆ ಹನ್ನೊಂದಕ್ಕೆ, ಮೇಲಿನ ಮಹಡಿಯ ಉದ್ದ ಮೇಜಿನ ಕೋಣೆಯಲ್ಲಿ. ಹೊರಗಿನಿಂದ ಬಂದ ವಿಚಾರಣಾಧಿಕಾರಿ ತೆಳ್ಳಗಿನ ಮನುಷ್ಯ, ತಮ್ಮ ಪೆನ್ನಿನ ಮೇಲೆ ತಮಗೇ ಬಹಳ ಅಭಿಮಾನವಿದ್ದಂತೆ ಅದನ್ನು ಬಿಚ್ಚಿ ಮುಚ್ಚಿ ಮಾಡುತ್ತಿದ್ದರು. ಆರುನೂರ ಹನ್ನೆರಡು ಜನ ಅರ್ಜಿ ಹಾಕಲಾಗದೇ ಉಳಿದರು, ಕೊನೆಯ ದಿನ ಮುಂದೂಡಲು ನಿಯಮವಿಲ್ಲ, ಅದರಲ್ಲಿ ಎಷ್ಟೋ ಜನಕ್ಕೆ ಬರುವ ವರ್ಷ ವಯಸ್ಸು ಮೀರುತ್ತದೆ ಎಂದು ಓದಿದರು. ಭಾವ ಮಡಿಲಲ್ಲಿ ಕೈ ಇಟ್ಟುಕೊಂಡು ಕೇಳಿಸಿಕೊಂಡರು. ಅವರ ಅಂಗಿಯ ಗುಂಡಿಗಳು ಒಂದು ಮನೆ ತಪ್ಪಿ ಕೂತಿದ್ದವು. ಅದನ್ನು ನೋಡಿ ಅವಳಿಗೆ ಎದ್ದು ಹೋಗಿ ಸರಿಮಾಡಬೇಕೆನಿಸಿತು. ಆಮೇಲೆ, ನಾಚಿಕೆಯಾಗುತ್ತದೆ ಹೇಳಲು, ಒಂದು ಬಗೆಯ ಸಮಾಧಾನವೂ ಆಯಿತು.

"ನೀವು ನಿಯಮ ಏನಿದೆಯೋ ಹಾಗೇ ಮಾಡಿದ್ರಾ?"

"ಹಾಗೇ ಮಾಡಿದೆ ಸಾರ್. ಆ ನಿಯಮ ಬರೆದವನು ನಾನೇ."

"ಬರೆದವರು ಮರೆಯೋದಿಲ್ಲ ಅಂತ ಇಲ್ಲವಲ್ಲ." ಅಧಿಕಾರಿ ಅವಳ ಕಡೆ ತಿರುಗಿದರು. "ನೀವು ಹೇಳಿ ಮೇಡಂ. ನಿಯಮದ ಪ್ರಕಾರ ನಿಲ್ಲಿಸಿ ಚಾಲೂ ಮಾಡಿದ್ರೆ, ಅದು ಏಳಬೇಕೋ ಬೇಡವೋ?"

ಇಷ್ಟು ಸಣ್ಣ ಪ್ರಶ್ನೆ ಬರುತ್ತದೆಂದು ಅವಳು ನೆನೆಸಿರಲಿಲ್ಲ. ಒಂಬತ್ತು ದಿನದಿಂದ ದೊಡ್ಡ ಪ್ರಶ್ನೆಗಳಿಗೆ ಉತ್ತರ ಕಟ್ಟಿಕೊಂಡಿದ್ದಳು. ಯಾರು ಕೂರಿಸಿದ್ದು, ಯಾವ ಖಾತೆಯಿಂದ, ಆಜ್ಞೆಗಳ ದಾಖಲೆ ಎಲ್ಲಿದೆ ಎಂದು ಕೇಳಿಯೇ ಕೇಳುತ್ತಾರೆ, ಕೇಳಿದರೆ ಹೇಳಿಬಿಡುವುದು ಎಂದೂ ಎರಡು ಸಲ ತೀರ್ಮಾನ ಮಾಡಿದ್ದಳು. ಈ ಮನುಷ್ಯನಿಗೆ ಯಂತ್ರದ ಗಂಧಗಾಳಿ ಇಲ್ಲ. ಅವನು ಕೇಳಿದ್ದಕ್ಕೆ ನಿಜವನ್ನೇ ಹೇಳಿದರೂ ತಪ್ಪು ಭಾವನ ಮೇಲೇ ಬೀಳುತ್ತಿತ್ತು.

"ಏಳಲೇಬೇಕು ಸಾರ್" ಅಂದಳು.

ಭಾವ ಅವಳನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ಅವಳು ಆ ನೋಟವನ್ನು ತಡೆದುಕೊಳ್ಳುತ್ತಿದ್ದಳು. ಅವರು ನೋಡಿದ್ದು ದಾರಿ ತಪ್ಪಿದವರು ಗುರುತಿನವರನ್ನು ನೋಡುವಂತೆ. ಅವರ ತುಟಿ ಅಲ್ಲಾಡಿತು. ಒಂದು, ಎರಡು, ಮೂರು ಎಂದು ಅಂದಿನದನ್ನು ಮತ್ತೆ ಎಣಿಸಿ ನೋಡುತ್ತಿದ್ದಾರೆಂದು ಅವಳಿಗೆ ತಿಳಿಯಿತು. ಆಮೇಲೆ ಮೆಲ್ಲಗೆ, "ಮೇಡಂ ಹೇಳಿದ್ದು ಸರಿ ಸಾರ್. ಏಳಬೇಕಿತ್ತು. ನಾನೇ ಎಲ್ಲೋ ಏನೋ ತಪ್ಪು ಮಾಡಿರಬೇಕು" ಅಂದರು. ಅಧಿಕಾರಿ ಪೆನ್ನು ಬಿಚ್ಚಿ ಅಜಾಗರೂಕತೆ ಎಂದು ಬರೆಯಹೊರಟಾಗ ಅವಳೇ ಮುಂದೆ ಬಾಗಿ, ದನಿ ತಗ್ಗಿಸಿ, "ಹಾಗೆ ಬರೀಬೇಡಿ ಸಾರ್. ಇಷ್ಟು ವರ್ಷ ದುಡಿದವರು. ಅನಾರೋಗ್ಯ ಅಂತ ಬರೀರಿ. ಅವರ ಮನೆತನದಲ್ಲಿ ಮರೆವಿನ ಕಾಯಿಲೆ ಇದೆ" ಅಂದಳು. ಶಿಕ್ಷೆ ತಪ್ಪಿತು. ಮುಂದಿನ ತಿಂಗಳಿಂದ ಭಾವ ತಾವಾಗಿಯೇ ನಿವೃತ್ತಿ ಪಡೆಯುವುದು, ಅಲ್ಲಿಯವರೆಗೆ ಯಂತ್ರ ಮುಟ್ಟುವಂತಿಲ್ಲ ಎಂದು ತೀರ್ಮಾನವಾಯಿತು. ಅಧಿಕಾರಿ ಅವಳತ್ತ ನೋಡಿ, ನಿಮ್ಮಂಥ ಮೇಲಧಿಕಾರಿ ಸಿಗುವುದು ಪುಣ್ಯ ಅಂದರು. ಮೆಟ್ಟಿಲಿಳಿಯುವಾಗ ಭಾವನೂ ಅದನ್ನೇ ಅಂದರು.

ಊಟದ ಡಬ್ಬಿ ಮುಚ್ಚಳ ತೆಗೆದರೂ ಅವಳಿಗೆ ತಿನ್ನಲಾಗಲಿಲ್ಲ, ಹಾಗೆಂದು ಹಸಿವೆಯೇನೂ ಸತ್ತಿರಲಿಲ್ಲ. ಈಗಲೂ ಹೇಳಬಹುದು ಎಂದುಕೊಂಡಳು. ಅಧಿಕಾರಿಗೆ ಬೇಡ, ನಿರ್ದೇಶಕರಿಗೆ ಬೇಡ, ಭಾವನಿಗೊಬ್ಬರಿಗೆ. ಅವರು ಯಾರಿಗೂ ಹೇಳುವುದಿಲ್ಲ. ಅವರು ಹೊಟ್ಟೆಗೆ ಹಾಕಿಕೊಳ್ಳುತ್ತಾರೆ, ಸಿಲಿಂಡರ್ ಹೊತ್ತ ಹಾಗೆ ಇದನ್ನೂ ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಸಾಯುವವರೆಗೂ ಅವಳು ಆ ಮನೆಗೆ ಹೋದಾಗಲೆಲ್ಲ ಅವರ ಸುಮ್ಮನಿರುವಿಕೆಯ ಎದುರು ಕೂತು ಕಾಫಿ ಕುಡಿಯಬೇಕು. ಅದನ್ನು ನೆನೆದೊಡನೆ ಅವಳಿಗೆ ಭಾವನ ಮೇಲೆ ಎಂಥ ಸಿಟ್ಟು ಬಂತೆಂದರೆ ಡಬ್ಬಿಯ ಮುಚ್ಚಳ ಅಮುಕಿ ಹಾಕಿ ಎದ್ದೇಬಿಟ್ಟಳು. ಅವಳ ಮೇಜಿನ ಪಕ್ಕ ಭಾವ ಬಂದು ನಿಂತಿದ್ದರು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಮೇಡಂ ಅನ್ನಲಿಲ್ಲ.

"ಒಂದು ಸಹಾಯ ಮಾಡ್ತೀಯಾ? ಆ ಪರೀಕ್ಷೆಗೆ ಇಟ್ಕೊಂಡಿರೋ ಯಂತ್ರ ಇದೆಯಲ್ಲ, ಅದ್ರಲ್ಲೂ ಇದೇ ಸರ್ವರ್ ಇದೆ. ಅದ್ರ ಮೇಲೆ ಒಂದೇ ಒಂದ್ಸಲ ಮಾಡ್ತೀನಿ. ಅವತ್ತು ಹ್ಯಾಗೆ ಮಾಡಿದ್ನೋ ಹಾಗೇ. ನೀನು ಹಿಂದೆ ನಿಂತು ನೋಡು. ಎದ್ರೆ, ನನ್ನ ತಲೆ ನೆಟ್ಟಗಿದೆ ಅಂತಾದ್ರೂ ಗೊತ್ತಾಗತ್ತೆ. ಕೆಲಸ ಹೋಗಿದ್ದು ಹೋಯ್ತು, ಅದಲ್ಲ ನಂಗೆ."

"ಯಂತ್ರ ಮುಟ್ಟಬಾರದು ಅಂದಿದಾರಲ್ಲ ಭಾವ."

"ನೀನಿದೀಯಲ್ಲ" ಅಂದರು ಭಾವ. "ತಡಿ, ಕನ್ನಡಕ ಕೆಳಗೆ ಬಿಟ್ಟು ಬಂದಿದೀನಿ."

ಅವರ ಚಪ್ಪಲಿ ಸದ್ದು ಮೆಟ್ಟಿಲಿನ ಕಡೆ ಹೋಯಿತು. ಹೋಗಿ ಬರಲು ಎರಡು ನಿಮಿಷ, ಅವರ ಮೊಣಕಾಲಿಗೆ ಮೂರು. ಅವಳು ಪರೀಕ್ಷಾ ಯಂತ್ರದ ಮುಂದೆ ಕೂತಳು. ಸರ್ವರ್ ಸರಿಯಾಗಿ, ಸೇವಕನ ಹೆಸರಿನಲ್ಲಿ, ಯಾರಿಗೂ ಕೆಡುಕು ಮಾಡದೆ ನಡೆಯುತ್ತಿತ್ತು. ಭಾವ ಬಂದು ನಿಲ್ಲಿಸಿ ಚಾಲೂ ಮಾಡಿದರೆ ಅದು ಏಳುತ್ತದೆ. ಎದ್ದರೆ ಅವರ ತಲೆ ನೆಟ್ಟಗಿದೆ. ಅವರ ತಲೆ ನೆಟ್ಟಗಿದ್ದರೆ ಇಪ್ಪತ್ತೈದನೇ ತಾರೀಕು ಏಕೆ ಏಳಲಿಲ್ಲ ಎಂದು ಅದೇ ನೆಟ್ಟಗಿನ ತಲೆ ಯೋಚಿಸುತ್ತದೆ, ಸಂಜೆಯೊಳಗೆ ಅದಕ್ಕೆ ಗೊತ್ತಾಗುತ್ತದೆ. ಒಂಬತ್ತು ದಿನದಿಂದ ಅವಳು ತನಗೆ ತಾನೇ ಹೇಳಿಕೊಂಡಿದ್ದದ್ದು, ತಾನು ಮಾಡಿದ್ದು ಅವಸರದ ತಪ್ಪು, ಮುಚ್ಚಿಟ್ಟದ್ದು ಹೆದರಿಕೆಯ ತಪ್ಪು, ಮನುಷ್ಯರು ಮಾಡುವಂಥವು ಎಂದು. ರೂಟ್‌ನ ಪಾಸ್‌ವರ್ಡನ್ನು ಒಂದೇ ಸಲಕ್ಕೆ, ತಪ್ಪಿಲ್ಲದೆ ಒತ್ತಿದಳು. ಅವತ್ತು ಕೊಟ್ಟ ಆಜ್ಞೆಯೇ, ಸೇವಕ ಎಂದಿದ್ದಲ್ಲಿ ರೂಟ್ ಎಂದು ಬರೆದರೆ ಆಯಿತು. ಕಡತಗಳೆಲ್ಲ ರೂಟ್‌ನ ಹೆಸರಿಗೆ ಹೋದವು. ಅವಳು ಖಾತೆಯಿಂದ ಹೊರಬಂದು, ಪರದೆಯ ಮೇಲಿನ ಸಾಲುಗಳನ್ನು ಅಳಿಸಿ, ಕುರ್ಚಿಯನ್ನು ಭಾವನಿಗೆ ಬೇಕಾದ ಎತ್ತರಕ್ಕೆ ಇಳಿಸಿ, ಎದ್ದು ನಿಂತಳು.

ಭಾವ ಕೂತರು. ಕನ್ನಡಕ ಏರಿಸಿಕೊಂಡು, ಸೇವಕನಾಗಿ ಒಳಗೆ ಹೋಗಿ, ಒಂದೊಂದೇ ಅಕ್ಷರ ಒತ್ತಿ, ಒತ್ತಿದ್ದನ್ನು ಬಾಯಲ್ಲಿ ಹೇಳಿ, ನಿಲ್ಲಿಸಿದರು. ಆಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಗಟ್ಟಿಯಾಗಿ ಎಣಿಸಿದರು. ಒಂದರಿಂದ ಮೂವತ್ತರವರೆಗೆ, ಒಂದನ್ನೂ ಬಿಡದೆ, ಅವಸರ ಮಾಡದೆ. ಚಾಲೂ ಮಾಡಿದರು. ಪರದೆಯ ಮೇಲೆ 'ಚಾಲೂ ಆಗಿದೆ' ಎಂದು ಬಂತು. ಅರ್ಜಿಯ ಪುಟ ತೆರೆದು ನೋಡಿದರು. ಪುಟ ತೆರೆಯಲಿಲ್ಲ. ಮತ್ತೆ ನೋಡಿದರು. ಭಾವನ ಕತ್ತಿನ ಹಿಂದೆ, ಕೂದಲು ಮುಗಿಯುವಲ್ಲಿ, ಬೆವರಿನ ಸಣ್ಣ ಹನಿಗಳು ಮೂಡುವುದನ್ನು ಅವಳು ನಿಂತಲ್ಲಿಂದ ಕಂಡಳು.

"ಕಡತ ಯಾರ ಹೆಸರಲ್ಲಿದೆ, ಒಂದ್ಸಲ ನೋಡ್ಲಾ?" ಅಂದರು ಭಾವ. ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

"ನಾನು ಈಗಷ್ಟೇ ನೋಡಿದೆ. ಎಲ್ಲಾ ಸೇವಕನ ಹೆಸರಲ್ಲೇ ಇದೆ."

ಭಾವ ಬೆರಳು ತೆಗೆದರು. ಅದೊಂದು ಆಜ್ಞೆ, ಮೂರು ನಾಲ್ಕು ಅಕ್ಷರ. ಅವಳ ಮಾತಿನ ಮೇಲೆ ನಂಬಿಕೆಯಿಟ್ಟು ಅವರು ಒತ್ತಲಿಲ್ಲ.

"ಹಾಗಾದ್ರೆ ಎಲ್ಲಿ ತಪ್ಪಿದೆ?"

"ನೀವು ಕಾಯಲಿಲ್ಲ ಭಾವ. ಅದು ಪೂರ್ತಿ ನಿಲ್ಲೋ ಮೊದ್ಲೇ ಚಾಲೂ ಮಾಡಿಬಿಟ್ರಿ."

"ಮೂವತ್ತು ಎಣಿಸಿದ್ನಲ್ಲೇ. ಗಟ್ಟಿಯಾಗೇ ಎಣಿಸಿದೆ, ನಿನಗೆ ಕೇಳಿಸ್ಲಿಲ್ವಾ?"

"ಕೇಳಿಸ್ತು" ಅಂದಳು. "ಹನ್ನೆರಡಕ್ಕೇ ನಿಲ್ಲಿಸಿಬಿಟ್ರಿ."

ಭಾವ ತಿರುಗಿ ನೋಡಲಿಲ್ಲ. "ಹನ್ನೆರಡಾ?" ಅಂದರು ತಮ್ಮಷ್ಟಕ್ಕೆ. ಎಡಗೈ ಬೆರಳುಗಳನ್ನು ಹೆಬ್ಬೆರಳಿಂದ ಒಂದೊಂದಾಗಿ ಮುಟ್ಟಿ ಏನನ್ನೋ ನೋಡಿಕೊಂಡರು. ಆಮೇಲೆ ಕುರ್ಚಿ ತಿರುಗಿಸಿಕೊಂಡು ಅವಳ ಕಡೆ ನೋಡಿದಾಗ ಅವರ ಮುಖದಲ್ಲಿ ಅವಳು ಕಾದಿದ್ದ ದುಃಖ ಇರಲಿಲ್ಲ. ಹಗುರವಾದವರ ಮುಖ ಅದು. "ಸದ್ಯ" ಅಂದರು. "ಒಂದು ಮಾತು ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡ. ನಂಗೆ ನಿನ್ನ ಮೇಲೆ ಅನುಮಾನ ಇತ್ತು. ರೂಟ್ ಇರೋದು ನಿನ್ನ ಹತ್ರ ಒಬ್ಬಳ ಹತ್ರಾನೇ ಅಲ್ವಾ, ಹೊಸದು ಕೂರಿಸೋವಾಗ ನೀನೇ ಏನೋ ಮರೆತು, ಈಗ ನನ್ನ ಮೇಲೆ ಹಾಕ್ತಿದೀಯ ಅಂತ. ಮೊನ್ನೆ ನಿಮ್ಮಕ್ಕನ ಹತ್ರಾನೂ ಅಂದ್ಬಿಟ್ಟೆ. ಅವಳು ಆವತ್ತಿಡೀ ನನ್ನ ಹತ್ರ ಮಾತಾಡ್ಲಿಲ್ಲ. ನನ್ನ ತಂಗಿ ಅಂಥವಳಲ್ಲ ಅಂದ್ಳು. ನಾಚಿಕೆಗೇಡು ನನ್ನ ಬುದ್ಧಿ. ಸಾಕಿ ಬೆಳೆಸಿದ ಹುಡುಗಿ ಮೇಲೆ ಹಾಗೆ ಯೋಚನೆ ಬಂತಲ್ಲ, ಅದೂ ಈ ಕಾಯಿಲೇದೇ ಇರಬೇಕು. ಅಮ್ಮನೂ ಹಾಗೇ, ಮೊದ್ಲು ಶುರುವಾಗಿದ್ದೇ ಎಲ್ಲರ ಮೇಲೆ ಅನುಮಾನ." ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ತಪ್ಪಾಯ್ತು ಮರೀ."

"ಇರ್ಲಿ ಬಿಡಿ ಭಾವ" ಅಂದಳು. ಅವಳಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ. ಬೆನ್ನ ಹಿಂದೆ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಳು. ಹೇಳುವುದಾದರೆ ಇದೇ ಗಳಿಗೆ, ಇದು ದಾಟಿದರೆ ಇನ್ನಿಲ್ಲ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಗಳಿಗೆ ದಾಟಿತು.

"ನರಗಳ ಡಾಕ್ಟರ್ ಹತ್ರ ಹೋಗಿಬಿಡೋಣ ಅಂತ. ತಡ ಮಾಡೋದ್ರಲ್ಲಿ ಅರ್ಥ ಇಲ್ಲ" ಅಂದರು ಭಾವ, ಕುರ್ಚಿ ಬಿಟ್ಟು ಏಳುತ್ತ. "ಅದಕ್ಕೂ ಈಗ ಅರ್ಜಿ ತುಂಬಬೇಕಂತಲ್ಲ. ನೀನೇ ತುಂಬಿಬಿಡು. ನಾನು ತುಂಬಿದ್ರೆ ಏನು ತಪ್ಪು ಮಾಡ್ತೀನೋ."

ಅವಳು ಕೂತು ಆಸ್ಪತ್ರೆಯ ಪುಟ ತೆರೆದಳು. ಅದು ಚೆನ್ನಾಗಿ ನಡೆಯುತ್ತಿತ್ತು. ಭಾವನ ಹೆಸರು, ವಯಸ್ಸು, ಫೋನು ನಂಬರು. ಮನೆಯಲ್ಲಿ ಬೇರೆ ಯಾರಿಗಾದರೂ ಈ ತೊಂದರೆ ಇತ್ತೇ, ತಾಯಿಗೆ ಇತ್ತು. ತೊಂದರೆ ಮೊದಲು ಕಾಣಿಸಿಕೊಂಡ ದಿನ ಎಂದು ಕೇಳಿತು.

"ಯಾವತ್ತು ಅಂತ ಹಾಕ್ಲಿ?"

"ನೀನೇ ಹಾಕು. ನಂಗಿಂತ ನಿಂಗೇ ಚೆನ್ನಾಗಿ ಗೊತ್ತು."

ಅವಳು ಇಪ್ಪತ್ತೈದು ಎಂದು ಒತ್ತಿದಳು. ಭಾವ ಅವಳ ಭುಜದ ಮೇಲಿಂದ ಬಗ್ಗಿ, ಕನ್ನಡಕ ಸರಿಮಾಡಿಕೊಂಡು, ಒತ್ತಿದ್ದನ್ನು ಎರಡು ಸಲ ಓದಿ, ಸರಿಯಾಗಿದೆ ಅಂದರು.